ಬಂದರು, ತಡೆಗೋಡೆ, ಸೇತುವೆಗಳ ಹಾನಿಯನ್ನು ಉಪಗ್ರಹ ರೇಡಾರ್‌ನಿಂದ ಗುರುತಿಸುವುದು: ಇಸ್ಕೆಂದೆರೂನ್ ದತ್ತಾಂಶದ ಮೇಲೆ ಹಂತ ಹಂತವಾಗಿ

2023ರ ಫೆಬ್ರವರಿ 6ರ ನಸುಕಿನ 4.17ಕ್ಕೆ ದಕ್ಷಿಣ ತುರ್ಕಿಯಲ್ಲಿ 7.8 ತೀವ್ರತೆಯ ಭೂಕಂಪವಾಯಿತು. ಅದೇ ಮಧ್ಯಾಹ್ನ 7.5ರದ್ದು ಇನ್ನೊಂದು. ಮೆಡಿಟರೇನಿಯನ್ ದಡದ ಇಸ್ಕೆಂದೆರೂನ್ ಪಟ್ಟಣಕ್ಕೆ ಒಂದೇ ದಿನದಲ್ಲಿ ಮೂರು ಬಗೆಯ ಪೆಟ್ಟು ಬಿತ್ತು: ಕಟ್ಟಡಗಳು ಕುಸಿದವು, ಬಂದರಿನ ಕಂಟೇನರ್ ಅಂಗಳ ದಿನಗಟ್ಟಲೆ ಹೊತ್ತಿ ಉರಿಯಿತು, ಕಡಲಿಗೆ ಮಣ್ಣು ತುಂಬಿಸಿ ಮಾಡಿದ ದಂಡೆ ಕೂತುಹೋಗಿ ಸಮುದ್ರದ ನೀರು ಬೀದಿಗಳಿಗೆ ಬಂತು. ರೇಡಾರ್ ಕೆಲಸ ಕಲಿಯುವವರಿಗೆ ಈ ಪಟ್ಟಣವನ್ನೇ ಮೊದಲು ಕೊಡುವುದು ಒಳ್ಳೆಯದು. ಚಿತ್ರಗಳು ಉಚಿತವಾಗಿ ಸಿಗುತ್ತವೆ. ಮೂರು ಹಾನಿಗೂ ಮೂರು ಬೇರೆ ಅಳತೆ ಬೇಕಾಗುತ್ತದೆ, ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲು ಹೋದರೆ ಎಲ್ಲಿ ಎಡವುತ್ತೇವೆ ಎಂಬುದೂ ಇಲ್ಲಿಯೇ ಗೊತ್ತಾಗುತ್ತದೆ.

ಯಾವ ಪ್ರಶ್ನೆಗೆ ಯಾವ ಅಳತೆ

ರೇಡಾರ್ ಉಪಗ್ರಹ ತಾನೇ ಅಲೆ ಕಳಿಸಿ ಮರಳಿ ಬಂದದ್ದನ್ನು ದಾಖಲಿಸುತ್ತದೆ. ಹಾಗಾಗಿ ಮೋಡ, ಕತ್ತಲೆ, ಹೊಗೆ ಇದ್ದರೂ ಚಿತ್ರ ಬರುತ್ತದೆ. ಪ್ರತಿ ಪಿಕ್ಸೆಲ್‌ನಲ್ಲಿ ಎರಡು ಸಂಗತಿ ಇರುತ್ತವೆ. ಒಂದು ಆಂಪ್ಲಿಟ್ಯೂಡ್, ಅಂದರೆ ಎಷ್ಟು ಬಲವಾಗಿ ಮರಳಿತು. ಇನ್ನೊಂದು ಫೇಸ್, ಅಂದರೆ ಅಲೆಯ ಯಾವ ಹಂತದಲ್ಲಿ ಮರಳಿತು. ಎರಡು ದಿನಗಳ ಚಿತ್ರಗಳಲ್ಲಿ ಅಕ್ಕಪಕ್ಕದ ಪಿಕ್ಸೆಲ್‌ಗಳ ನಡವಳಿಕೆ ಎಷ್ಟು ಹೊಂದುತ್ತದೆ ಎಂಬ ಅಳತೆಗೆ ಕೊಹೆರೆನ್ಸ್ ಎನ್ನುತ್ತಾರೆ. ಪೂರ್ತಿ ಹೊಂದಿದರೆ 1, ಏನೂ ಹೊಂದದಿದ್ದರೆ 0. ಕಾಂಕ್ರೀಟ್ ಕಟ್ಟಡ ಹನ್ನೆರಡು ದಿನ ಕಳೆದರೂ 0.7ರ ಮೇಲೆಯೇ ನಿಲ್ಲುವುದು ಸಾಮಾನ್ಯ. ನೀರಿನ ಮೇಲ್ಮೈ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಅದರ ಕೊಹೆರೆನ್ಸ್ ತಳದಲ್ಲೇ ಇರುತ್ತದೆ.

ಕಟ್ಟಡ, ಗೋದಾಮು, ಧಕ್ಕೆ ಮುರಿದಿದೆಯೇ ಎಂದು ತಿಳಿಯಲು ಕೊಹೆರೆನ್ಸ್ ಬಳಸಿ. ನೀರು ಎಲ್ಲಿಯವರೆಗೆ ಬಂತು, ದಡದ ಗೆರೆ ಎಲ್ಲಿ ಸರಿಯಿತು, ದೊಡ್ಡ ಉಕ್ಕಿನ ರಚನೆ ಮಾಯವಾಯಿತೇ ಎಂಬುದಕ್ಕೆ ಆಂಪ್ಲಿಟ್ಯೂಡ್. ನೆಲ ಎಷ್ಟು ಸೆಂಟಿಮೀಟರ್ ಕೂತಿತು ಎಂಬುದಕ್ಕೆ ಫೇಸ್. ನಕ್ಷೆ ಮಾಡುವ ಮೊದಲು ಯಾರಿಗೆ ಯಾವ ಉತ್ತರ ಬೇಕು ಎಂದು ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಎಲ್ಲವನ್ನೂ ಒಂದೇ ನಕ್ಷೆಯಲ್ಲಿ ತುರುಕಿದರೆ ಅದನ್ನು ನಂಬಿ ಯಾರೂ ಲಾರಿ ಕಳಿಸಲಾಗದು.

ಚಿತ್ರಗಳ ಆಯ್ಕೆ

ಕೋಪರ್ನಿಕಸ್ ಡೇಟಾ ಸ್ಪೇಸ್ ಅಥವಾ ಅಲಾಸ್ಕಾ ಸ್ಯಾಟಲೈಟ್ ಫೆಸಿಲಿಟಿಯ ವರ್ಟೆಕ್ಸ್ ತಾಣದಲ್ಲಿ ಉಚಿತ ಖಾತೆ ತೆರೆಯಿರಿ. ಐರೋಪ್ಯ ರೇಡಾರ್ ಉಪಗ್ರಹ ಸೆಂಟಿನೆಲ್-1, ಐಡಬ್ಲ್ಯೂ ಮೋಡ್ (ನೆಲದ ಮೇಲೆ ಅದರ ಸಾಮಾನ್ಯ ಚಿತ್ರವಿಧಾನ), ಎಸ್‌ಎಲ್‌ಸಿ (ಫೇಸ್ ಉಳಿಸಿಕೊಂಡ ರೂಪ) ಎಂದು ಆರಿಸಿ. ಜಿಆರ್‌ಡಿ ಎಂಬ ಹಗುರ ರೂಪದಲ್ಲಿ ಫೇಸ್ ಇರುವುದಿಲ್ಲ, ಅದರಿಂದ ಕೊಹೆರೆನ್ಸ್ ಬರದು. ಹೊಸಬರು ಒಂದಿಡೀ ದಿನ ಕಳೆದುಕೊಳ್ಳುವುದು ಈ ತಪ್ಪಿನಿಂದಲೇ.

ಎಲ್ಲ ಚಿತ್ರಗಳೂ ಒಂದೇ ಟ್ರ್ಯಾಕ್ (ಉಪಗ್ರಹ ಮತ್ತೆ ಮತ್ತೆ ಸಾಗುವ ಹಾದಿ) ಸಂಖ್ಯೆಯವು, ಒಂದೇ ದಿಕ್ಕಿನ ಓಟದವು (ಅಸೆಂಡಿಂಗ್ ಎಂದರೆ ದಕ್ಷಿಣದಿಂದ ಉತ್ತರಕ್ಕೆ, ಡಿಸೆಂಡಿಂಗ್ ಎಂದರೆ ಉತ್ತರದಿಂದ ದಕ್ಷಿಣಕ್ಕೆ) ಆಗಿರಲೇಬೇಕು. ಇಸ್ಕೆಂದೆರೂನ್‌ಗೆ ಟ್ರ್ಯಾಕ್ 14ರ ಅಸೆಂಡಿಂಗ್ ಓಟದಲ್ಲಿ ಭೂಕಂಪದ ಹಿಂದಿನ ಚಿತ್ರ 2023ರ ಜನವರಿ 28ರದ್ದು, ನಂತರದ್ದು ಫೆಬ್ರವರಿ 9ರದ್ದು. ಟ್ರ್ಯಾಕ್ 21ರ ಡಿಸೆಂಡಿಂಗ್‌ನಲ್ಲಿ ಜನವರಿ 29 ಮತ್ತು ಫೆಬ್ರವರಿ 10. ಇಷ್ಟೇ ಸಾಲದು. ಇನ್ನೂ ಹನ್ನೆರಡು ದಿನ ಹಿಂದಿನ ಚಿತ್ರವೂ ಬೇಕು: ಟ್ರ್ಯಾಕ್ 14ಕ್ಕೆ ಜನವರಿ 16. ಜನವರಿ 16 ಮತ್ತು 28ರ ಜೋಡಿ, ಏನೂ ಆಗದ ಹನ್ನೆರಡು ದಿನಗಳಲ್ಲಿ ಈ ಊರು ಸಹಜವಾಗಿ ಎಷ್ಟು ಬದಲಾಗುತ್ತದೆ ಎಂದು ಹೇಳುತ್ತದೆ. ಜನವರಿ 28 ಮತ್ತು ಫೆಬ್ರವರಿ 9ರ ಜೋಡಿ, ಭೂಕಂಪ ಸೇರಿದಾಗ ಎಷ್ಟಾಯಿತು ಎಂದು ಹೇಳುತ್ತದೆ. ಜೋಡಿಯೊಳಗಿನ ಎರಡು ಚಿತ್ರಗಳ ನಡುವಿನ ದಿನಗಳ ಅಂತರ ಎರಡೂ ಜೋಡಿಗಳಲ್ಲಿ ಸಮವಾಗಿರಲಿ. ಒಂದಕ್ಕೆ 12 ದಿನ, ಇನ್ನೊಂದಕ್ಕೆ 36 ದಿನ ಇಟ್ಟರೆ ಕಾಲ ಮಾಡಿದ ಬದಲಾವಣೆಯೇ ಹಾನಿಯ ವೇಷದಲ್ಲಿ ಬರುತ್ತದೆ. ಹಿಂದಿನ ನಾಲ್ಕೈದು ಚಿತ್ರ ಇಳಿಸಿಕೊಂಡರೆ ಇನ್ನೂ ಒಳ್ಳೆಯದು, ಆಗ ಸಹಜ ಏರಿಳಿತಕ್ಕೆ ಒಂದು ಸರಾಸರಿ ಸಿಗುತ್ತದೆ.

ಒಂದು ಎಸ್‌ಎಲ್‌ಸಿ ಕಡತ ನಾಲ್ಕೈದು ಜಿಬಿ ಇರುತ್ತದೆ. ಕಂಪ್ಯೂಟರಿಗೆ 16 ಜಿಬಿ ರ‍್ಯಾಮ್ ಕನಿಷ್ಠ, 32 ಇದ್ದರೆ ನೆಮ್ಮದಿ. ಎಸ್‌ಎಸ್‌ಡಿಯಲ್ಲಿ 100 ಜಿಬಿ ಖಾಲಿ ಇರಲಿ. ಯಂತ್ರ ದುರ್ಬಲವಾಗಿದ್ದರೆ ಅಲಾಸ್ಕಾ ಫೆಸಿಲಿಟಿಯ ಹೈಪ್3 ಸೇವೆಗೆ ಜೋಡಿಯನ್ನು ಒಪ್ಪಿಸಿ, ಕೊಹೆರೆನ್ಸ್ ನಕ್ಷೆ ಸಿದ್ಧವಾಗಿ ಬರುತ್ತದೆ. ಕಲಿಯುವವರು ಮಾತ್ರ ಒಮ್ಮೆ ಕೈಯಾರೆ ಮಾಡಿಯೇ ತೀರಬೇಕು. ಕರಾವಳಿಯ ತಪ್ಪುಗಳೆಲ್ಲ ನಡುವಿನ ಹಂತಗಳಲ್ಲೇ ಅಡಗಿರುತ್ತವೆ.

ಸ್ನ್ಯಾಪ್‌ನಲ್ಲಿ ಕೊಹೆರೆನ್ಸ್ ತೆಗೆಯುವುದು

ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಸ್ನ್ಯಾಪ್ ತಂತ್ರಾಂಶ ಉಚಿತ. ಹಂತಗಳು ಈ ಕ್ರಮದಲ್ಲಿರಲಿ.

1. ಟಾಪ್ಸಾರ್ ಸ್ಪ್ಲಿಟ್. ಚಿತ್ರದ ಮೂರು ಪಟ್ಟಿಗಳಲ್ಲಿ ನಿಮ್ಮ ಬಂದರು ಬೀಳುವ ಒಂದನ್ನು, ವಿವಿ ಧ್ರುವೀಕರಣವನ್ನು (ಲಂಬವಾಗಿ ಕಳಿಸಿ ಲಂಬವಾಗಿಯೇ ಪಡೆದ ಅಲೆ), ಬೇಕಾದ ಎರಡು ಮೂರು ಬರ್ಸ್ಟ್‌ಗಳನ್ನು (ಪಟ್ಟಿಯ ತುಂಡುಗಳು) ಮಾತ್ರ ಆರಿಸಿ. ಪೂರ್ತಿ ಚಿತ್ರ ಹಾಕಿದರೆ ಯಂತ್ರ ಗಂಟೆಗಟ್ಟಲೆ ಕೂತುಬಿಡುತ್ತದೆ. ಆರಿಸಿದ ಬರ್ಸ್ಟ್‌ಗಳಲ್ಲಿ ಸಾಕಷ್ಟು ನೆಲ ಇದೆಯೇ ನೋಡಿಕೊಳ್ಳಿ, ಕಾರಣ 4ನೇ ಹಂತದಲ್ಲಿದೆ.

2. ಅಪ್ಲೈ ಆರ್ಬಿಟ್ ಫೈಲ್. ನಿಖರ ಕಕ್ಷೆಯ ಕಡತ ಚಿತ್ರ ತೆಗೆದ ಸುಮಾರು ಮೂರು ವಾರದ ನಂತರ ಬರುತ್ತದೆ. ತುರ್ತಿನಲ್ಲಿ ಕೆಲವೇ ಗಂಟೆಗಳಲ್ಲಿ ಸಿಗುವ ರೆಸ್ಟಿಟ್ಯೂಟೆಡ್ ಕಡತ ಬಳಸಿ, ಕೊಹೆರೆನ್ಸ್‌ಗೆ ಅಷ್ಟು ಸಾಕು.

3. ಬ್ಯಾಕ್ ಜಿಯೋಕೋಡಿಂಗ್. ಜೋಡಿಯ ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುವ ಹಂತ. ಎತ್ತರದ ಮಾದರಿಯಾಗಿ ಕೋಪರ್ನಿಕಸ್ 30 ಮೀಟರ್ ಆರಿಸಿ. ಈ ಕಿಟಕಿಯಲ್ಲಿ ‘ಮಾಸ್ಕ್ ಔಟ್ ಏರಿಯಾಸ್ ವಿತ್ ನೋ ಎಲಿವೇಶನ್’ ಎಂಬ ಟಿಕ್ ತಾನಾಗಿಯೇ ಬಿದ್ದಿರುತ್ತದೆ. ಅದನ್ನು ತೆಗೆಯಿರಿ. ಇಡೀ ಕೆಲಸದಲ್ಲಿ ಮರೆಯಬಾರದ ಒಂದು ಗುಂಡಿ ಇದ್ದರೆ ಇದೇ. ಎತ್ತರದ ಮಾದರಿ ಸಮುದ್ರ ಎಂದು ಬರೆದ ಜಾಗವನ್ನೆಲ್ಲ ತಂತ್ರಾಂಶ ಅಳಿಸಿಬಿಡುತ್ತದೆ. ಬ್ರೇಕ್‌ವಾಟರ್ (ಕಡಲಿನೊಳಗೆ ಅಲೆ ತಡೆಯುವ ಗೋಡೆ), ಜೆಟ್ಟಿ, ಹೊಸದಾಗಿ ಮಣ್ಣು ತುಂಬಿದ ಅಂಗಳ ಇವೆಲ್ಲ ಅಲ್ಲಿಯೇ ಇರುವುದು. ಎಸ್‌ಆರ್‌ಟಿಎಂ ಎಂಬ ಹಳೆಯ ಎತ್ತರದ ಮಾದರಿಯ ಅಳತೆ ನಡೆದದ್ದು 2000ದ ಫೆಬ್ರವರಿಯಲ್ಲಿ. ಅದರ ನಂತರ ಕಟ್ಟಿದ ಧಕ್ಕೆ ಅದರ ಲೆಕ್ಕಕ್ಕೆ ಇನ್ನೂ ಕಡಲು. ಹಾನಿಯ ನಕ್ಷೆಯಲ್ಲಿ ಬಂದರಿನ ಜಾಗ ಖಾಲಿ ಬಿದ್ದಿದ್ದರೆ, ಅದನ್ನು ಹಾನಿಯಿಲ್ಲ ಎಂದು ಓದುವವರೇ ಹೆಚ್ಚು.

4. ಎನ್‌ಹಾನ್ಸ್ಡ್ ಸ್ಪೆಕ್ಟ್ರಲ್ ಡೈವರ್ಸಿಟಿ. ಬರ್ಸ್ಟ್‌ಗಳು ಒಂದರ ಮೇಲೊಂದು ಬೀಳುವ ಜಾಗದಲ್ಲಿ ಹೊಂದಾಣಿಕೆಯನ್ನು ಇದು ಸರಿಪಡಿಸುತ್ತದೆ. ಆ ಜಾಗ ಪೂರ್ತಿ ನೀರಾಗಿದ್ದರೆ ಲೆಕ್ಕಕ್ಕೆ ಆಧಾರವೇ ಇರದೆ ಸುಳ್ಳು ತಿದ್ದುಪಡಿ ಬರುತ್ತದೆ. ಬರ್ಸ್ಟ್ ಗಡಿಯಲ್ಲಿ ಫೇಸ್ ಮೆಟ್ಟಿಲಿನಂತೆ ಹಾರಿದ್ದು ಕಂಡರೆ ಇದೇ ಕಾರಣ. ನೆಲ ಹೆಚ್ಚಿರುವ ಪಕ್ಕದ ಬರ್ಸ್ಟ್ ಸೇರಿಸಿಕೊಂಡು ಮತ್ತೆ ಮಾಡಿ.

5. ಕೊಹೆರೆನ್ಸ್ ಎಸ್ಟಿಮೇಶನ್. ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುವ ಪಿಕ್ಸೆಲ್‌ಗಳ ಗುಂಪಿಗೂ ಕಿಟಕಿ ಎನ್ನುತ್ತಾರೆ. ಅದನ್ನು ರೇಂಜ್‌ನಲ್ಲಿ (ಉಪಗ್ರಹ ನೋಡುವ ದಿಕ್ಕು) 10, ಆಜಿಮತ್‌ನಲ್ಲಿ (ಅದರ ಓಟದ ದಿಕ್ಕು) 3 ಪಿಕ್ಸೆಲ್ ಇಡಿ. ನೆಲದ ಮೇಲೆ ಇದು ಹತ್ತಿರಹತ್ತಿರ 40 ಮೀಟರ್ ಚೌಕ. ಕಿಟಕಿ ಚಿಕ್ಕದಾದಷ್ಟೂ ವಿವರ ಹೆಚ್ಚು, ಜೊತೆಗೆ ಸುಳ್ಳೂ ಹೆಚ್ಚು: ಮೂವತ್ತು ಪಿಕ್ಸೆಲ್ ಸೇರಿಸಿದರೂ, ಏನೂ ಹೊಂದಿಕೆಯಿಲ್ಲದ ಸಮುದ್ರದ ಮೇಲೆ 0.16ರಿಂದ 0.2ರಷ್ಟು ಬೆಲೆ ಬಂದೇ ಬರುತ್ತದೆ. ಆ ಮಟ್ಟವನ್ನು ಸೊನ್ನೆ ಎಂದೇ ಓದಬೇಕು.

6. ಟಾಪ್ಸಾರ್ ಡಿಬರ್ಸ್ಟ್ (ತುಂಡುಗಳನ್ನು ಜೋಡಿಸುವುದು), ಬಳಿಕ ಮಲ್ಟಿಲುಕ್ 4×1 (ಅಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿ). ಪಿಕ್ಸೆಲ್ ಸುಮಾರು 15 ಮೀಟರ್ ಆಗುತ್ತದೆ.

7. ಟೆರೇನ್ ಕರೆಕ್ಷನ್. ಚಿತ್ರವನ್ನು ನಕ್ಷೆಯ ಮೇಲೆ ಸರಿಯಾದ ಜಾಗಕ್ಕೆ ಕೂರಿಸುವ ಹಂತ. ಇಲ್ಲಿಯೂ ಅದೇ ಮಾಸ್ಕ್ ಟಿಕ್ ಮತ್ತೊಮ್ಮೆ ಕಾದು ಕೂತಿರುತ್ತದೆ, ತೆಗೆಯಿರಿ. ಫಲಿತಾಂಶವನ್ನು ಜಿಯೋಟಿಫ್ ಆಗಿ ಉಳಿಸಿ.

ಇದೇ ಸರಣಿಯನ್ನು ಎರಡನೇ ಜೋಡಿಗೂ ಓಡಿಸಿ. ಗ್ರಾಫ್ ಬಿಲ್ಡರ್‌ನಲ್ಲಿ ಒಮ್ಮೆ ಉಳಿಸಿಟ್ಟರೆ ಎರಡಕ್ಕೂ ಒಂದೇ ಸಂಖ್ಯೆಗಳು ಬಿದ್ದಿವೆ ಎಂಬ ಖಾತ್ರಿ ಇರುತ್ತದೆ.

ಎರಡು ನಕ್ಷೆಗಳ ಹೋಲಿಕೆ

ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶದಲ್ಲಿ ಎರಡೂ ನಕ್ಷೆ ತೆರೆಯಿರಿ. ಮೊದಲು, ಭೂಕಂಪಕ್ಕೆ ಮುನ್ನವೇ ಕೊಹೆರೆನ್ಸ್ 0.5ಕ್ಕಿಂತ ಕಡಿಮೆ ಇದ್ದ ಜಾಗಗಳನ್ನು ಬದಿಗಿಡಿ. ಇಲ್ಲದ ಹೊಂದಿಕೆ ತಪ್ಪಿತು ಎನ್ನಲು ಬರುವುದಿಲ್ಲ. ಹೀಗೆ ಬದಿಗಿಟ್ಟದ್ದಕ್ಕೆ ಬೂದು ಬಣ್ಣ ಕೊಟ್ಟು ‘ಹೇಳಲಾಗದು’ ಎಂದು ಬರೆಯಿರಿ, ಖಾಲಿ ಬಿಡಬೇಡಿ.

ಉಳಿದ ಜಾಗಕ್ಕೆ ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ (ಮೊದಲಿನದು − ನಂತರದ್ದು) ÷ (ಮೊದಲಿನದು + ನಂತರದ್ದು) ಎಂದು ಲೆಕ್ಕ ಹಾಕಿ. ಉದಾಹರಣೆಗೆ ಒಂದು ಗೋದಾಮಿನ ಮೇಲೆ ಮೊದಲು 0.78, ನಂತರ 0.31 ಇದ್ದರೆ ಉತ್ತರ 0.43. ಅದೇ ಪಕ್ಕದ ಗಟ್ಟಿ ಕಟ್ಟಡ 0.80ರಿಂದ 0.72ಕ್ಕೆ ಇಳಿದಿದ್ದರೆ ಉತ್ತರ 0.05.

ಇಲ್ಲಿಂದ ಮೇಲೆ ಹಾನಿ ಎನ್ನುವ ಗೆರೆ ಎಲ್ಲಿ ಎಳೆಯಬೇಕು? ಪುಸ್ತಕದ ಒಂದು ಸಂಖ್ಯೆಯನ್ನು ನಂಬಬೇಡಿ. ಅದೇ ಚಿತ್ರದಲ್ಲಿ ಹಾನಿ ವರದಿಯಾಗದ, ಇಷ್ಟೇ ದಟ್ಟವಾದ ಕಟ್ಟಡಗಳಿರುವ ಜಾಗವೊಂದನ್ನು ಆರಿಸಿ, ಅಲ್ಲಿನ ಸರಾಸರಿ ಮತ್ತು ಸ್ಟ್ಯಾಂಡರ್ಡ್ ಡೀವಿಯೇಶನ್ ತೆಗೆಯಿರಿ. ಸರಾಸರಿಗೆ ಸ್ಟ್ಯಾಂಡರ್ಡ್ ಡೀವಿಯೇಶನ್‌ನ ಎರಡು ಪಟ್ಟು ಸೇರಿಸಿದ್ದು ನಿಮ್ಮ ಗೆರೆ. ಮಳೆ ಬಂದು, ನೆಲ ತೇವಗೊಂಡು ಇಡೀ ಚಿತ್ರದ ಕೊಹೆರೆನ್ಸ್ ತುಸು ಇಳಿದಿದ್ದರೂ ಈ ಲೆಕ್ಕ ಅದನ್ನು ಸರಿದೂಗಿಸುತ್ತದೆ.

ಅಸೆಂಡಿಂಗ್ ಮತ್ತು ಡಿಸೆಂಡಿಂಗ್ ಎರಡರಲ್ಲೂ ಗೆರೆ ದಾಟಿದ ಜಾಗ ಮೊದಲ ಸಾಲಿನದು. ಒಂದರಲ್ಲಿ ಮಾತ್ರ ದಾಟಿದ್ದನ್ನು ಎರಡನೇ ಸಾಲಿನಲ್ಲಿಡಿ, ಎಸೆಯಬೇಡಿ. ಇಸ್ಕೆಂದೆರೂನ್‌ನ ಬೆನ್ನಿಗೇ ಅಮಾನೋಸ್ ಬೆಟ್ಟಸಾಲು ಇದೆ. ಪಶ್ಚಿಮದಿಂದ ನೋಡುವ ಅಸೆಂಡಿಂಗ್ ಚಿತ್ರದಲ್ಲಿ ಕಡಲಿನ ಕಡೆಯ ಇಳಿಜಾರು ಮಡಿಸಿದಂತೆ ಕುಗ್ಗಿ ಬೀಳುತ್ತದೆ. ಆ ಬುಡದ ಬೀದಿಗಳಿಗೆ ಡಿಸೆಂಡಿಂಗ್ ಒಂದೇ ಆಸರೆ.

ಬಂದರಿನ ಒಳಗೆ ಈ ವಿಧಾನ ಎಲ್ಲಿ ಕೈಕೊಡುತ್ತದೆ

ಕಂಟೇನರ್ ಅಂಗಳ ಸುಟ್ಟದ್ದು ಜಗತ್ತಿಗೇ ಕಂಡಿತು, ಕೊಹೆರೆನ್ಸ್ ನಕ್ಷೆಯಲ್ಲಿ ಮಾತ್ರ ಅಂಥ ಅಂಗಳದ ಹಾನಿಯನ್ನು ಓದಲಾಗದು. ಕಂಟೇನರ್‌ಗಳು ದಿನವೂ ಏರಿಳಿಯುತ್ತವೆ. ಹನ್ನೆರಡು ದಿನದ ಜೋಡಿಯಲ್ಲಿ ಆ ಜಾಗಕ್ಕೆ ಭೂಕಂಪದ ಮುಂಚೆಯೂ ಹೊಂದಿಕೆ ಇರುವುದಿಲ್ಲ, ಬೂದು ಬಣ್ಣದೊಳಗೆ ಸೇರಿಹೋಗುತ್ತದೆ. ಇಲ್ಲಿ ಆಂಪ್ಲಿಟ್ಯೂಡ್ ನೋಡಬೇಕು. ಸಾಲಾಗಿ ನಿಂತ ಉಕ್ಕಿನ ಪೆಟ್ಟಿಗೆಗಳು ನೆಲದೊಂದಿಗೆ ಮೂಲೆ ಮಾಡಿ ಪ್ರಖರ ಗೆರೆಗಳಾಗಿ ಹೊಳೆಯುತ್ತವೆ, ಚೆಲ್ಲಾಪಿಲ್ಲಿಯಾದಾಗ ಆ ಗೆರೆಗಳ ಶಿಸ್ತು ಒಡೆಯುತ್ತದೆ. ಮೊದಲಿನ ನಾಲ್ಕೈದು ಚಿತ್ರಗಳ ಸರಾಸರಿಯನ್ನು ನಂತರದ್ದರ ಜೊತೆ ಹೋಲಿಸಿ. 3 ಡೆಸಿಬೆಲ್‌ಗಿಂತ ಹೆಚ್ಚು ಏರಿದ ಅಥವಾ ಇಳಿದ ಜಾಗವನ್ನು ಕಣ್ಣಿನಿಂದ ಒಂದೊಂದಾಗಿ ಪರೀಕ್ಷಿಸಿ.

ಇನ್ನೊಂದು ಮೋಸ ನೀರಿನ ಮೇಲೆ ಕಾಣುತ್ತದೆ. ದೊಡ್ಡ ಕ್ರೇನ್‌ಗಳ ಪ್ರಖರ ಪ್ರತಿಫಲನದ ಮಸುಕು ಪ್ರತಿ, ಉಪಗ್ರಹದ ಓಟದ ದಿಕ್ಕಿನಲ್ಲಿ ಕೆಲವು ಕಿ.ಮೀ. ಆಚೆ, ಶಾಂತ ಕಡಲಿನ ಮೇಲೆ ಮೂಡುತ್ತದೆ. ತೇಲುವ ಅವಶೇಷ ಎಂದು ಅದನ್ನು ಎಣಿಸಬೇಡಿ. ಹಿಂದಿನ ಚಿತ್ರದಲ್ಲೂ ಅದೇ ಜಾಗದಲ್ಲಿದ್ದರೆ ಅದು ನೆರಳುಪ್ರತಿಯೇ.

ಬಿರುಕು, ಒಳಗೋಡೆಯ ಹಾನಿ, ಧಕ್ಕೆಯ ಅಡಿಯ ಕಂಬಗಳ ಮುರಿತ ಇವು ಈ ರೇಡಾರ್‌ಗೆ ಕಾಣುವುದಿಲ್ಲ. ಅಲೆ ಕಾಂಕ್ರೀಟಿನ ಮೇಲ್ಮೈಯಿಂದಲೇ ಮರಳಿಬಿಡುತ್ತದೆ.

ನೀರು ಬಂದ ಬೀದಿ

ಇದಕ್ಕೆ ಹಗುರವಾದ ಜಿಆರ್‌ಡಿ ಸಾಕು. ಕಕ್ಷೆ, ಥರ್ಮಲ್ ನಾಯ್ಸ್ ರಿಮೂವಲ್, ಕ್ಯಾಲಿಬ್ರೇಶನ್, ಟೆರೇನ್ ಕರೆಕ್ಷನ್, ಆಮೇಲೆ ಡೆಸಿಬೆಲ್‌ಗೆ ಪರಿವರ್ತನೆ. ಸ್ಪೆಕಲ್ ಫಿಲ್ಟರ್ (ಚಿತ್ರದ ಕಾಳುಕಾಳು ಗದ್ದಲ ತಗ್ಗಿಸುವುದು) ಹಾಕುವುದಾದರೆ ಚಿಕ್ಕ ಕಿಟಕಿಯದನ್ನೇ ಹಾಕಿ, ದೊಡ್ಡದು ತೆಳುವಾದ ಬ್ರೇಕ್‌ವಾಟರನ್ನು ನೀರಿನಲ್ಲಿ ಕರಗಿಸಿಬಿಡುತ್ತದೆ.

ನಿಂತ ನೀರು ಕನ್ನಡಿಯಂತೆ ಅಲೆಯನ್ನು ಆಚೆಗೆ ಜಾರಿಸುತ್ತದೆ, ಚಿತ್ರದಲ್ಲಿ ಕಪ್ಪಾಗುತ್ತದೆ. ಗದ್ದೆ, ಬಯಲಿಗೆ ಇದು ಸರಿ. ಗಾಳಿಗೆ ಕದಡಿದ ಕಡಲು ವಿವಿಯಲ್ಲಿ ಬೆಳ್ಳಗಾಗುವುದರಿಂದ ದಡದ ಗೆರೆಗೆ ವಿಎಚ್ (ಲಂಬವಾಗಿ ಕಳಿಸಿ ಅಡ್ಡಲಾಗಿ ಪಡೆದದ್ದು) ಹೆಚ್ಚು ನಂಬಿಕಸ್ಥ. ಪಟ್ಟಣದೊಳಗಿನ ನೀರು ಇದಕ್ಕೆ ತದ್ವಿರುದ್ಧ ನಡೆಯಬಹುದು: ನೀರಿನ ಮೇಲೆ ಜಾರಿದ ಅಲೆ ಎದುರಿನ ಗೋಡೆಗೆ ಬಡಿದು ಉಪಗ್ರಹಕ್ಕೇ ಮರಳಿ, ಬೀದಿ ಮೊದಲಿಗಿಂತ ಬೆಳ್ಳಗೆ ಕಾಣುತ್ತದೆ. ಕಪ್ಪನ್ನು ಮಾತ್ರ ಹುಡುಕಿದರೆ ಇಸ್ಕೆಂದೆರೂನ್‌ನಂಥ ದಂಡೆಯ ಬೀದಿಗಳು ಒಣಗಿವೆ ಎಂದೇ ಬರೆದುಬಿಡುತ್ತೀರಿ. ಕಟ್ಟಡಗಳ ನಡುವೆ ಆಂಪ್ಲಿಟ್ಯೂಡ್ ಏರಿ ಕೊಹೆರೆನ್ಸ್ ಇಳಿದ ಜಾಗವನ್ನು ನೀರಿನ ಅನುಮಾನದ ಪಟ್ಟಿಗೆ ಸೇರಿಸಿ.

ನೆಲ ಎಷ್ಟು ಕೂತಿತು

ಸೆಂಟಿನೆಲ್-1ರ ಅಲೆಯುದ್ದ ಸುಮಾರು 5.5 ಸೆಂ.ಮೀ. ಇಂಟರ್‌ಫೆರೋಗ್ರಾಮ್‌ನಲ್ಲಿ (ಎರಡು ದಿನಗಳ ಫೇಸ್ ವ್ಯತ್ಯಾಸದ ಚಿತ್ರ) ಒಂದು ಪೂರ್ತಿ ಬಣ್ಣದ ಸುತ್ತು ಎಂದರೆ ಉಪಗ್ರಹದ ದೃಷ್ಟಿರೇಖೆಯಲ್ಲಿ 2.8 ಸೆಂ.ಮೀ. ಸರಿದಾಟ. ಸುತ್ತುಗಳನ್ನು ಎಣಿಸುತ್ತ ಹೋಗುವುದಕ್ಕೆ ಅನ್‌ರ‍್ಯಾಪಿಂಗ್ ಎನ್ನುತ್ತಾರೆ, ಸ್ನಾಫು ಎಂಬ ಉಪಕರಣ ಅದನ್ನು ಮಾಡುತ್ತದೆ.

ಕರಾವಳಿಯಲ್ಲಿ ಇದಕ್ಕೊಂದು ಕಠಿಣ ಮಿತಿ ಇದೆ. ದಡದಿಂದ ಬೇರ್ಪಟ್ಟ ಬ್ರೇಕ್‌ವಾಟರಿಗೂ ನೆಲಕ್ಕೂ ನಡುವೆ ನೀರಿದ್ದರೆ ಎಣಿಕೆಯ ಸರಪಳಿ ಅಲ್ಲಿ ತುಂಡಾಗುತ್ತದೆ. ಆಚೆಯ ಬೆಲೆ 2.8, 5.6, 8.4 ಸೆಂ.ಮೀ. ಹೀಗೆ ಎಷ್ಟಾದರೂ ತಪ್ಪಿರಬಹುದು, ನೋಡಲು ಮಾತ್ರ ನಯವಾಗಿಯೇ ಇರುತ್ತದೆ. ಬ್ರೇಕ್‌ವಾಟರ್ ತನ್ನೊಳಗೇ ಒಂದು ತುದಿ ಇನ್ನೊಂದಕ್ಕಿಂತ ಎಷ್ಟು ಕೂತಿದೆ ಎಂದು ಹೇಳಿ, ಊರಿಗೆ ಹೋಲಿಸಿ ಎಷ್ಟು ಎಂದು ಹೇಳಬೇಡಿ. ಮಣ್ಣು ದ್ರವದಂತಾಗಿ ಪಕ್ಕಕ್ಕೆ ಜರುಗಿದ ದಂಡೆಯಲ್ಲಿ ಹೊಂದಿಕೆಯೇ ಉಳಿದಿರುವುದಿಲ್ಲ. ಅಲ್ಲಿ ಸೆಂಟಿಮೀಟರ್ ಲೆಕ್ಕ ಬಿಟ್ಟು ಕೊಹೆರೆನ್ಸ್ ಮತ್ತು ದಡದ ಗೆರೆಯನ್ನು ಆಶ್ರಯಿಸಿ.

ಸರಿದಾಟ ಮೀಟರ್ ಲೆಕ್ಕದಲ್ಲಿದ್ದರೆ ಚಿತ್ರದ ತುಣುಕುಗಳು ಎಷ್ಟು ಸರಿದವು ಎಂದು ಅಳೆಯುವ ಪಿಕ್ಸೆಲ್ ಆಫ್‌ಸೆಟ್ ವಿಧಾನ ಬೇಕು. 2024ರ ಜನವರಿ 1ರ ಜಪಾನಿನ ನೋಟೊ ಭೂಕಂಪದಲ್ಲಿ ಕರಾವಳಿ ಸುಮಾರು 4 ಮೀಟರಿನವರೆಗೆ ಮೇಲೆದ್ದು ಮೀನುಗಾರಿಕಾ ಬಂದರುಗಳ ತಳವೇ ಹೊರಬಿತ್ತು. ಆಗ ಎಲ್-ಬ್ಯಾಂಡಿನ (ಹೆಚ್ಚು ಉದ್ದದ ಅಲೆಯ) ಜಪಾನಿನ ಆಲೋಸ್-2 ಉಪಗ್ರಹದ ಚಿತ್ರಗಳಿಂದ ಈ ವಿಧಾನದಲ್ಲೇ ಅಳೆದರು.

ಇದನ್ನೇ ನಮ್ಮ ಕರಾವಳಿಗೆ ತಂದಾಗ

ಕಾರವಾರದಿಂದ ಉಳ್ಳಾಲದವರೆಗೆ ಲೆಕ್ಕಾಚಾರ ಬದಲಾಗುತ್ತದೆ. ತೆಂಗು, ಗಾಳಿಮರಗಳ ನೆರಳಿನ ಹಂಚಿನ ಮನೆಗಳ ಮೇಲೆ 5.5 ಸೆಂ.ಮೀ. ಅಲೆ ಎಲೆಗಳಲ್ಲೇ ತಡೆದುಹೋಗುತ್ತದೆ, ಕೊಹೆರೆನ್ಸ್ ಸಿಗದು. ಅದು ಸಿಗುವುದು ಹೆದ್ದಾರಿಯ ಅಂಚಿನ ಕಟ್ಟಡ, ಸೇತುವೆ, ಬಂದರಿನ ಗೋದಾಮು, ಕಲ್ಲಿನ ತಡೆಗೋಡೆಗಳ ಮೇಲೆ. 2025ರ ಜುಲೈ 30ರಂದು ಹಾರಿದ ಭಾರತ-ಅಮೆರಿಕ ಜಂಟಿ ಉಪಗ್ರಹ ನಿಸಾರ್‌ನ ಎಲ್-ಬ್ಯಾಂಡ್ ಅಲೆ 24 ಸೆಂ.ಮೀ. ಉದ್ದದ್ದು. ಎಲೆಗಳ ನಡುವೆ ಇಳಿಯುವುದರಿಂದ ನಮ್ಮ ತೋಟದ ಕರಾವಳಿಗೆ ಅದರ ಬೆಲೆ ದೊಡ್ಡದು.

ಭಾರತದ ಮೇಲೆ ಸೆಂಟಿನೆಲ್-1 ಹೆಚ್ಚಾಗಿ ಡಿಸೆಂಡಿಂಗ್ ಓಟದಲ್ಲಿ, ಬೆಳಗ್ಗೆ ಆರರ ಸುಮಾರಿಗೆ ಚಿತ್ರ ತೆಗೆಯುತ್ತದೆ. ಆಗ ಅದು ಪೂರ್ವದಿಂದ ಪಶ್ಚಿಮಕ್ಕೆ ನೋಡುತ್ತದೆ. ಮರವಂತೆಯಲ್ಲಿ ಹೆದ್ದಾರಿ 66ರ ಪಕ್ಕದ ತಡೆಗೋಡೆಯ ಕಡಲ ಮುಖ ಪಶ್ಚಿಮಕ್ಕಿದೆ, ಅಂದರೆ ಕಡಲ ಅಲೆ ಬಡಿಯುವ ಮುಖ ರೇಡಾರ್‌ಗೆ ಬೆನ್ನು ಹಾಕಿದೆ. ಬುಡ ಕೊರೆದುಹೋದರೂ ಮೇಲಿನ ಕಲ್ಲು ಜರುಗುವ ತನಕ ಚಿತ್ರ ಏನೂ ಹೇಳುವುದಿಲ್ಲ. ಅಸೆಂಡಿಂಗ್ ಚಿತ್ರ ಸಿಕ್ಕಿದರೆ ಬಿಡಬೇಡಿ.

ಮೀನುಗಾರಿಕೆಯ ಕ್ಯಾಲೆಂಡರ್ ನೋಡದೆ ಮಲ್ಪೆ, ಮಂಗಳೂರು ಧಕ್ಕೆಯ ಚಿತ್ರ ಹೋಲಿಸಬಾರದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ, ಬೋಟುಗಳು ಒತ್ತೊತ್ತಾಗಿ ಧಕ್ಕೆಯಲ್ಲಿ ಕಟ್ಟಿರುತ್ತವೆ. ಮೇ ಕೊನೆಯ ಚಿತ್ರಕ್ಕೂ ಜೂನ್‌ನದ್ದಕ್ಕೂ ನಡುವೆ ಚಂಡಮಾರುತ ಬಂದರೆ, ಬೋಟುಗಳು ಮರಳಿದ್ದೇ ಭಾರೀ ಬದಲಾವಣೆಯಾಗಿ ಹೊಳೆಯುತ್ತದೆ. ಉಬ್ಬರ-ಇಳಿತವೂ ಹಾಗೆಯೇ. ಉಪಗ್ರಹ ಪ್ರತಿ ಸಲ ಅದೇ ಹೊತ್ತಿಗೆ ಬರುತ್ತದೆ, ಉಬ್ಬರ ಮಾತ್ರ ದಿನಕ್ಕೆ ಸುಮಾರು 50 ನಿಮಿಷ ಸರಿಯುತ್ತದೆ. ದಡದ ಗೆರೆ ಹೋಲಿಸುವಾಗ ಎರಡೂ ದಿನದ ಉಬ್ಬರದ ಕೋಷ್ಟಕ ಪಕ್ಕದಲ್ಲಿರಲಿ.

ಕೈ ಪಳಗಿಸಲು ಕಾರವಾರದ ಕಾಳಿ ಸೇತುವೆ ಇದೆ. ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ದಾಟಿದ ಹೊತ್ತಿಗೆ ಕುಸಿಯಿತು. ನೀರಿನ ಮೇಲಿನ ಸೇತುವೆ ರೇಡಾರ್‌ನಲ್ಲಿ ಒಂದೇ ಗೆರೆಯಾಗಿ ಬರುವುದಿಲ್ಲ. ಸೇತುವೆಯಿಂದ ನೇರ ಮರಳಿದ್ದು ಒಂದು, ಸೇತುವೆ ಮತ್ತು ನೀರು ಎರಡಕ್ಕೂ ಬಡಿದದ್ದು ಇನ್ನೊಂದು, ನೀರು-ಸೇತುವೆ-ನೀರು ಎಂದು ಮೂರು ಸಲ ಬಡಿದದ್ದು ಮತ್ತೊಂದು: ಮೂರು ಸಮಾನಾಂತರ ಗೆರೆಗಳ ತನಕ ಮೂಡಬಹುದು. ಇದು ಸುಮಾರಾಗಿ ಉತ್ತರ-ದಕ್ಷಿಣ ಚಾಚಿದ್ದು, ಉಪಗ್ರಹದ ಓಟಕ್ಕೆ ಹೆಚ್ಚುಕಡಿಮೆ ಸಮಾನಾಂತರ, ಹಾಗಾಗಿ ಮರಳುವ ಅಲೆಯೂ ಬಲವಾಗಿರುತ್ತದೆ. ಪಕ್ಕದಲ್ಲೇ ಹೊಸ ಸೇತುವೆ ನಿಂತಿರುವುದರಿಂದ ಎರಡರ ಗೆರೆಗಳೂ ಬೆರೆಯುತ್ತವೆ. ಆಗಸ್ಟ್ 7ಕ್ಕೆ ಹಿಂದಿನ ಐದು, ನಂತರದ ಐದು ಚಿತ್ರಗಳ ಸರಾಸರಿ ಮಾಡಿ, ಸೇತುವೆಯ ಉದ್ದಕ್ಕೂ ಆಂಪ್ಲಿಟ್ಯೂಡ್‌ನ ನಕ್ಷೆ ಎಳೆದು, ಯಾವ ಗೆರೆ ಯಾವ ಸೇತುವೆಯದು ಎಂದು ಬಿಡಿಸಿ.

ನಕ್ಷೆ ಕೈಬಿಡುವ ಮುನ್ನ

ಓಪನ್‌ಸ್ಟ್ರೀಟ್‌ಮ್ಯಾಪ್‌ನ ಕಟ್ಟಡಗಳ ಮೇಲೆ ಝೋನಲ್ ಸ್ಟ್ಯಾಟಿಸ್ಟಿಕ್ಸ್ (ಪ್ರತಿ ಆಕೃತಿಯೊಳಗಿನ ಬೆಲೆಗಳ ಲೆಕ್ಕ) ಓಡಿಸಿ, ಆದರೆ ಕಿಟಕಿಯೇ 40 ಮೀಟರ್ ಇರುವಾಗ ಒಂಟಿ ಮನೆಗೆ ಬಣ್ಣ ಬಳಿಯಬೇಡಿ. ಬೀದಿ ಅಥವಾ ಬ್ಲಾಕ್ ಮಟ್ಟದಲ್ಲಿ ಕೊಡಿ. ಕೋಪರ್ನಿಕಸ್ ತುರ್ತುಸೇವೆ ಈ ಭೂಕಂಪಕ್ಕೆ ಇಎಂಎಸ್‌ಆರ್648 ಎಂಬ ಸಂಖ್ಯೆಯಲ್ಲಿ ಆಪ್ಟಿಕಲ್ ಚಿತ್ರಗಳಿಂದ ಹಾನಿ ನಕ್ಷೆಗಳನ್ನು ಹೊರತಂದಿದೆ. ನಿಮ್ಮ ಗೆರೆ ದಾಟಿದ ಬ್ಲಾಕ್‌ಗಳನ್ನು ಅದರ ಪಕ್ಕ ಇಟ್ಟು ಎಷ್ಟು ಹೊಂದಿತು, ಎಷ್ಟು ಸುಳ್ಳಾಯಿತು, ಎಷ್ಟು ತಪ್ಪಿಹೋಯಿತು ಎಂದು ಮೂರೂ ಸಂಖ್ಯೆ ಬರೆಯಿರಿ. ಭೂಕಂಪದ ನಂತರ ಮೈದಾನದಲ್ಲಿ ಎದ್ದ ಡೇರೆಗಳು, ರಸ್ತೆಬದಿ ಸುರಿದ ಅವಶೇಷದ ರಾಶಿಗಳು ಸುಳ್ಳಿನ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತವೆ.

ನಕ್ಷೆಯ ತಲೆಬರಹದಲ್ಲಿ ‘ಹಾನಿ’ ಎನ್ನುವ ಬದಲು ‘ಹಾನಿ ಸಂಭವ’ ಎಂದು ಬರೆಯಿರಿ. ಕೆಳಗೆ ಮೂರೂ ಚಿತ್ರಗಳ ದಿನಾಂಕ, ಟ್ರ್ಯಾಕ್ ಸಂಖ್ಯೆ, ಕಿಟಕಿಯ ಗಾತ್ರ, ನೀವು ಎಳೆದ ಗೆರೆಯ ಬೆಲೆ, ಬೂದು ಬಣ್ಣದ ಅರ್ಥ ಇರಲಿ. ಅದೇ ಸರಣಿಯ ಹೊಸ ಉಪಗ್ರಹಗಳಾದ ಸೆಂಟಿನೆಲ್-1ಸಿ 2024ರ ಡಿಸೆಂಬರ್ 5ರಂದು, 1ಡಿ 2025ರ ನವೆಂಬರ್ 4ರಂದು ಹಾರಿವೆ. ನಿಮ್ಮ ಊರಿನ ಬಂದರಿಗೆ ಯಾವ ಟ್ರ್ಯಾಕ್, ಯಾವ ಪಟ್ಟಿ, ಯಾವ ಬರ್ಸ್ಟ್ ಎಂಬುದನ್ನು ಇವತ್ತೇ ಗುರುತು ಹಾಕಿಕೊಂಡು, ಮುಂಗಾರಿಗೆ ಮುನ್ನ ಹಿಂದಿನ ಐದು ಚಿತ್ರಗಳನ್ನು ಇಳಿಸಿ ಕತ್ತರಿಸಿಟ್ಟರೆ, ಬೇಕಾದ ದಿನ ಒಂದೇ ಕಡತ ಇಳಿಸಿಕೊಂಡರೆ ಸಾಕಾಗುತ್ತದೆ.